ಎರಡು ಮನೆಯ ನೂಲು

ವಾಷಿಂಗ್ ಮಿಷನ್ನಿನ ಜಾಲಿ ಚೀಲವನ್ನು ಒಳಮಗ್ಗುಲು ಹೊರಗಾಗುವಂತೆ ತಿರುವಿ ಬೆರಳಿನಿಂದ ಕೆರೆದಾಗ ಕೈಗೆ ಬಂದ ನೂಲಿನ ಮುದ್ದೆ ನೇರಳೆ ಬಣ್ಣದ್ದಾಗಿತ್ತು. ಶಿವರಾಜು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಚ್ಚಲುಮನೆಯ ಕಿಟಕಿಯ ಬೆಳಕಿಗೆ ಒಡ್ಡಿದ. ತನ್ನ ಮನೆಯಲ್ಲಿ ನೇರಳೆ ಬಣ್ಣದ ಬಟ್ಟೆ ಒಂದೂ ಇಲ್ಲ. ಹೆಂಡತಿ ನಯನಳ ಸೀರೆಗಳು, ಅಮ್ಮನ ಐದು ಸೀರೆ, ತನ್ನ ಪ್ಯಾಂಟು ಷರಟು, ಎರಡು ಹೊದಿಕೆ, ಎಲ್ಲದರ ಬಣ್ಣವೂ ಅಂಚೂ ಕಣ್ಣು ಮುಚ್ಚಿದರೂ ಅವನಿಗೆ ಕಾಣುತ್ತವೆ. ಹಾಗೆ ಕಾಣುವುದು ತಾನು ಬೇಡವೆಂದರೂ ಬಂದ ವಿದ್ಯೆ. ನರಸೀಪುರದ ಆಫೀಸಿನಲ್ಲಿ ಎದುರು ಬಂದು ನಿಂತವರ ಮುಖಕ್ಕಿಂತ ಮೊದಲು ಅವರ ಕಾಲರಿನ ಕೊಳೆ ಅವನ ಕಣ್ಣಿಗೆ ಬೀಳುತ್ತದೆ, ಆಮೇಲೆ ಅದು ಎಷ್ಟು ದಿನದ ಕೊಳೆ ಎಂಬುದು ತಾನಾಗಿ ಹೊಳೆಯುತ್ತದೆ, ಆಮೇಲೆ ಹೊಳೆದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ. ಮುದ್ದೆಯನ್ನು ಬಿಡಿಸಿದ. ಒಳಗಿಂದ ಉದ್ದನೆಯ ಬಿಳಿಕೂದಲು ಎರಡು ಬಂದವು. ಅಮ್ಮನ ತಲೆ ಇನ್ನೂ ಮುಕ್ಕಾಲು ಕಪ್ಪು. ಮೂಸಿ ನೋಡಿದ. ಸೋಪಿನ ಪುಡಿಯ ಘಮದ ಕೆಳಗೆ ಇನ್ನೊಂದು ವಾಸನೆ ಅಡಗಿ ಕುಳಿತಿತ್ತು. ಹಾಸಿಗೆ ಹಿಡಿದವರ ವಾಸನೆ. ಅದನ್ನೂ ಅವನು ಬಲ್ಲ.

ಭಾನುವಾರ ಬೆಳಿಗ್ಗೆ ಮಿಷನ್ನಿನ ಆರೈಕೆ ಅವನದು. ಹೋದ ವರ್ಷ, ಎರಡು ಸಾವಿರದ ಒಂದರ ದೀಪಾವಳಿಗೆ, ಮೈಸೂರಿನಿಂದ ಗೂಡ್ಸ್ ಆಟೋದಲ್ಲಿ ತಂದದ್ದು. ಒಗೆಯುವುದಕ್ಕೆ ಒಂದು ತೊಟ್ಟಿ, ಹಿಂಡುವುದಕ್ಕೆ ಒಂದು ತೊಟ್ಟಿ. ನಂಜನಗೂಡಿನ ಆ ಬೀದಿಯಲ್ಲಿ ಅದೇ ಮೊದಲನೆಯದು. ಕಾಲಿಗೆ ತುಕ್ಕು ಹಿಡಿಯದಂತೆ ಕೆಳಗೆ ಹಲಗೆ ಕೊಟ್ಟಿದ್ದ. ಬೋರಿನ ಗಡಸು ನೀರಿಗೆ ತೊಟ್ಟಿಯ ಒಳಗೆ ಬಿಳಿಯ ಪೊರೆ ಕಟ್ಟುತ್ತದೆಂದು ತಿಂಗಳಿಗೊಮ್ಮೆ ನಿಂಬೆಹುಳಿ ಹಾಕಿ ಬರಿದೇ ತಿರುಗಿಸುತ್ತಿದ್ದ. ಇಲಿ ಕಡಿಯದಂತೆ ನೀರು ಹೋಗುವ ಕೊಳವೆಯ ಬಾಯಿಗೆ ತಂತಿಯ ಬಲೆ ಕಟ್ಟಿದ್ದ. ಮಿಷನ್ನಿನ ಜೊತೆ ಬಂದ ಇಂಗ್ಲಿಷಿನ ಪುಸ್ತಕ ಓದಿ, ಆಫೀಸಿನ ದುಂಡು ಅಕ್ಷರದಲ್ಲಿ ಕನ್ನಡದ ಸೂಚನೆಗಳನ್ನು ಬರೆದು ಗೋಡೆಗೆ ಅಂಟಿಸಿದ್ದ: ಜೇಬು ನೋಡತಕ್ಕದ್ದು, ತುಂಬಾ ತುರುಕಬಾರದು, ಬರಿಗಾಲಲ್ಲಿ ಸ್ವಿಚ್ಚು ಮುಟ್ಟಬಾರದು, ಕೆಲಸವಾದ ಮೇಲೆ ಮುಚ್ಚಳ ತೆರೆದು ಒಣಗಲು ಬಿಡತಕ್ಕದ್ದು. ನಯನ ಈಚೆಗೊಮ್ಮೆ ಅದನ್ನು ಓದಿ, "ಬಸುರಿ ಹೆಂಡ್ತೀನ ಹಿಂಗ್ ನೋಡ್ಕೊಂಡಿದ್ರೆ ಆಗ್ತಿತ್ತು" ಎಂದು ನಕ್ಕಿದ್ದಳು. ಈಗ ಅವಳಿಗೆ ಏಳನೇ ತಿಂಗಳು. ಅವನು ಒದ್ದೆ ಬಟ್ಟೆಯಿಂದ ಮಿಷನ್ನಿನ ಗುಂಡಿಗಳ ಸಂದು ಒರೆಸುವಾಗ ಅಪ್ಪನ ಕೈ ನೆನಪಿಗೆ ಬಂದೇ ಬರುತ್ತಿತ್ತು. ಚೌಳು ಮಣ್ಣು, ಬಟ್ಟೆ ಬೇಯಿಸುವ ಉಬ್ಬೆಯ ಹಬೆ, ಹೊಳೆಯ ನೀರು ಸೇರಿ ತಿಂದುಹಾಕಿದ ಕೈ. ಬೆರಳ ಸಂದುಗಳು ವರ್ಷಪೂರ್ತಿ ಒಡೆದು ಒಳಗಿನ ಕೆಂಪು ಕಾಣಿಸುತ್ತಿತ್ತು. ಅಪ್ಪ ಆ ಕೈಯಲ್ಲಿ ಅನ್ನ ಕಲಸಲಾರದೆ ಅಮ್ಮನ ಕೈಲಿ ಕಲಸಿಸಿಕೊಂಡು ಉಣ್ಣುತ್ತಿದ್ದ.

ಹಿತ್ತಿಲಲ್ಲಿ ಅಮ್ಮ ಗೋವಿಂದಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ನೂಲಿನ ಮುದ್ದೆಯನ್ನು ಮೊರದ ಅಂಚಿಗೆ ಇಟ್ಟ.

"ಇದು ಯಾರ್ದಮ್ಮ?"

ಅಮ್ಮ ಅದನ್ನು ನೋಡಿದಳು. ಮುಚ್ಚಿಡಬೇಕು ಅನ್ನಿಸಿದಂತೆ ಕಾಣಲಿಲ್ಲ. "ಚನ್ನಬಸಮ್ಮೋರ್ದು ಕಣ್ ಮಗಾ. ಕಂಬಳಿ ಮ್ಯಾಗಿನ ಒದಪು ನೇರಳೆ ಬಣ್ಣದ್ದು ಐತಲ್ಲ, ಅದು ನೂಲ್ ಬಿಡ್ತದೆ. ಆಯಮ್ಮಂಗೆ ಮ್ಯಾಲೇಳಕ್ಕಾಗಕ್ಕಿಲ್ಲ, ಎಲ್ಲಾ ಆಸ್ಗೇಲೇ. ಸೊಸೆ ಮೂಗು ಮುಚ್ಕಂಡು ಕಡ್ಡೀಲಿ ಎತ್ತಾಕ್ತಿದ್ಲು. ನಂಗ್ ನೋಡಕ್ಕಾಗ್ನಿಲ್ಲ."

"ಎಷ್ಟು ದಿನದಿಂದ?"

"ಗೌರಿ ಅಬ್ಬದ್ ಮುಂದ್ಲಿಂದ. ನೀ ಬಸ್ ಅತ್ತಿದ್ ಮ್ಯಾಕೆ ಆಕ್ತೀನಿ. ನೀ ಬರೋ ಒತ್ಗೆ ಒಣಗೋಯ್ತದೆ."

ಮೂರು ತಿಂಗಳು. ಅವನು ಬಸ್ಸಿನ ಕಿಟಕಿಯಲ್ಲಿ ತೂಕಡಿಸುತ್ತ ಹೋಗುತ್ತಿದ್ದ ಅಷ್ಟೂ ದಿನ, ಅವನ ಮಿಷನ್ನಿನಲ್ಲಿ, ಅವನು ನಿಂಬೆಹುಳಿ ಹಾಕಿ ತಿಕ್ಕಿದ ತೊಟ್ಟಿಯಲ್ಲಿ, ಮನೆ ಮಾಲೀಕರ ತಾಯಿಯ ಹೇಲುಚ್ಚೆಯ ಬಟ್ಟೆ ತಿರುಗಿದೆ. ಅದಕ್ಕಿಂತ ಅವನನ್ನು ಇರಿದದ್ದು ಅಮ್ಮನ ಮುಖದಲ್ಲಿದ್ದ ಶಾಂತಿ. ಅಪ್ಪ ಸತ್ತ ಮೇಲೆ ಊರಿನಿಂದ ಕರೆತಂದ ಮೊದಲ ತಿಂಗಳು ಅವಳು ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ ಗೋಡೆಗೊರಗಿ ಕುಳಿತಿರುತ್ತಿದ್ದಳು. ಮಿಷನ್ನನ್ನು ಕಂಡು, "ಇದು ಒಗ್ಯಾದ್ ಎಲ್ ಬಂತು, ಬಟ್ಟೆಗೆ ತಲೆ ತಿರುಗುಸ್ತದೆ ಅಷ್ಟೆ" ಎಂದಿದ್ದಳು. ಈಗ ಅವಳ ಕೈಗೆ ಕೆಲಸ ಸಿಕ್ಕಿತ್ತು. ಅವಳು ಒಂದಿಷ್ಟು ದಪ್ಪಗೂ ಆಗಿದ್ದಳು.

"ಇನ್ಮೇಲೆ ಹಾಕ್ಬೇಡ. ತಿಳೀತಾ?"

"ಯಾಕ್ಲಾ?"

ಯಾಕೆ ಎಂಬುದು ಅವಳಿಗೆ ಗೊತ್ತಿಲ್ಲವೆ? ಮನೆ ಬಾಡಿಗೆಗೆ ಕೇಳಲು ಬಂದ ದಿನ ಮಾಲೀಕ ಗಂಗಾಧರಸ್ವಾಮಿ ಜಗಲಿಯ ಮೇಲೆ ಕುಳಿತು, ಇವನ ಹಣೆಯ ವಿಭೂತಿ ನೋಡಿ, ಹೆಸರು ಕೇಳಿ, "ನಮ್ಮೋರೇ ಅಲ್ವಾ?" ಎಂದಿದ್ದರು. ಅಕ್ಕಿ ಮಂಡಿಯ ಯಜಮಾನರು, ಮಠಕ್ಕೆ ನಡೆದುಕೊಳ್ಳುವವರು. ಶಿವರಾಜು, "ನಾವೂ ಶಿವನ ಒಕ್ಕಲೇ ಸಾರ್" ಎಂದಿದ್ದ. ಅದು ಸುಳ್ಳಲ್ಲ. ಮನೆಯಲ್ಲಿ ಶಿವಪೂಜೆ ಇತ್ತು, ಅಪ್ಪ ದಿನಾ ವಿಭೂತಿ ಧರಿಸುತ್ತಿದ್ದ. ಕೇಳಿದವರಿಗೆ ಬೇಕಾದ ಉತ್ತರ ಅದರೊಳಗೆ ಸಿಕ್ಕಿತು, ತಾನು ಅದನ್ನು ತಿದ್ದಲಿಲ್ಲ, ಅಷ್ಟೆ. ಈ ಅಷ್ಟೆ ಎಂಬ ಮಾತನ್ನು ಅವನು ನಾಲ್ಕು ವರ್ಷದಿಂದ ಎಷ್ಟು ಸಲ ಹೇಳಿಕೊಂಡಿದ್ದನೋ. ಅದರ ಹಿಂದೆಯೇ ಮಿಕ್ಕವು ಒಂದೊಂದಾಗಿ ಬಂದವು. ಮನೆಯಲ್ಲಿ ಮಾಂಸ ಬೇಯಿಸುವುದು ನಿಂತಿತು. ನಯನಳ ತವರಿನಿಂದ ಯಾರಾದರೂ ಬಂದರೆ ಮಾತು ಮೆಲ್ಲಗಾಯಿತು. ಅಮ್ಮನನ್ನು ಕರೆತಂದ ದಿನ ಅವನು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳ ಗಂಟನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಹೇಳಿದ್ದ, "ಅಲ್ಲಿ ಯಾರಾದ್ರೂ ಹೆಸರು ಕೇಳಿದ್ರೆ ಗೌರಮ್ಮ ಅನ್ನು. ಗೋವಿಂದಮ್ಮ ಅಂದ್ರೆ ಅವರು ಬೇರೆ ತರ ತಿಳ್ಕೋತಾರೆ." ಅಮ್ಮ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. "ನಮ್ಮಪ್ಪ ಇಕ್ಕಿದ್ ಎಸ್ರು ಕಣ್ಲಾ" ಎಂದಳು. ಆಮೇಲೆ, "ಆಗ್ಲಿ ಬುಡು. ಯಾವ್ದೋ ಒಂದು" ಎಂದಳು. ಗಂಟಿನಲ್ಲಿ ಉಪ್ಪುಮೀನಿನ ಪೊಟ್ಟಣವಿತ್ತು. ಅದನ್ನೂ ಅವನು ತೆಗೆಸಿ ಪಕ್ಕದಲ್ಲಿ ಕುಳಿತವಳಿಗೆ ಕೊಡಿಸಿದ್ದ.

ಕೊಟ್ಟಿಗೆಯ ಕಡೆಯಿಂದ ಸರ್ವಮಂಗಳಾ ಬಂದಳು. ಗಂಗಾಧರಸ್ವಾಮಿಯ ಹೆಂಡತಿ. ಎರಡು ಮನೆಗೂ ಹಿತ್ತಿಲು ಒಂದೇ, ನಡುವೆ ಒಂದು ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಕೈಯಲ್ಲಿ ಮಡಿಸಿದ ಸೀರೆಯೊಂದಿತ್ತು.

"ಗೌರಮ್ಮನೋರೇ."

ಅಮ್ಮ ಅಕ್ಕಿ ಕೇರುತ್ತಲೇ ಇದ್ದಳು.

"ಗೌರಮ್ಮನೋರೇ, ನಿಮ್ಮನ್ನೇ ಕಣ್ರೀ."

"ಆಂ? ನಂಗಾ ತಾಯಿ?"

ಸರ್ವಮಂಗಳಾ ಸೀರೆಯ ಮೂಲೆ ಬಿಡಿಸಿ ಹಿಡಿದಳು. "ಇದೇನ್ರೀ ಇದು, ಕರ್ರಗೆ? ಎಣ್ಣೆ ಕಲೆ ಅಂದ್ಕಂಡು ಉಜ್ಜಿ ಉಜ್ಜಿ ಸಾಕಾಯ್ತು. ನೋಡಿದ್ರೆ ನಮ್ಮತ್ತೆ ಒಳಸೀರೆಗೂ ಅದೇ, ನಮ್ಮನೆಯೋರ ಪಂಚೆಗೂ ಅದೇ. ಮೂರ್ ಮೂರು ಚುಕ್ಕಿ."

ಶಿವರಾಜುವಿಗೆ ನೋಡಬೇಕಾಗಿರಲಿಲ್ಲ. ಗೇರುಕಾಯಿಗೆ ಸೂಜಿ ಚುಚ್ಚಿ, ಕಪ್ಪು ಹಾಲು ಬಂದಾಗ ಬಟ್ಟೆಯ ಮೂಲೆಗೆ ಒತ್ತಿದ ಗುರುತು. ನೂರು ಉಬ್ಬೆ ಹಾಕಿದರೂ ಹೋಗದು. ಊರಿನಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು, ಅರವತ್ತು ಮನೆಯದನ್ನೂ ಅಮ್ಮ ಬಾಯಲ್ಲಿ ಹೇಳುತ್ತಿದ್ದಳು. ಬೇಡ ಅಮ್ಮ, ಗೊತ್ತಿಲ್ಲ ಅನ್ನು, ಎಂದು ಅವನು ಒಳಗೇ ಕೂಗಿಕೊಂಡ.

ಅಮ್ಮನ ಮುಖ ಅರಳಿತು. "ಅದು ನಿಮ್ಮನೆ ಗುರ್ತು ಕಣ್ ತಾಯಿ! ಮಿಸನ್ಗೆ ಎಲ್ಡ್ ಮನೇದು ಒಟ್ಗೇ ಆಕ್ದಾಗ ಬೆರ್ಕೆ ಆಗ್ಬಾರ್ದಲ್ಲ. ನಿಮ್ದು ಮೂರು ಚುಕ್ಕಿ. ನಮ್ಮೂರಲ್ಲಿ ದೊಡ್ಡಸಿದ್ದಯ್ಯೋರ ಮನೇದು ಇದೇ ಗುರ್ತು. ದೊಡ್ಡ ಮನೆ ಅದು. ಅದ್ಕೇ ನಿಮ್ಗೂ ಅದ್ನೇ ಇಕ್ದೆ."

ಸರ್ವಮಂಗಳಾ ಅಮ್ಮನನ್ನು ನೋಡಿದಳು, ಆಮೇಲೆ ಶಿವರಾಜುವನ್ನು ನೋಡಿದಳು. ಅವನು ಹಣೆಯ ಮೇಲಿನ ಬೆವರನ್ನು ಒರೆಸಿಕೊಳ್ಳಲು ಎತ್ತಿದ ಕೈ ವಿಭೂತಿ ಅಳಿಸೀತೆಂದು ನಡುವೆಯೇ ನಿಂತಿತು. ಅವಳು ಸೀರೆಯನ್ನು ಮೊದಲಿದ್ದಂತೆಯೇ ಮಡಿಸಿದಳು. "ಓ, ಹಂಗಾ" ಎಂದಳು. ಹೊರಟವಳು ತಿರುಗಿ, "ನಾಳೆ ಅತ್ತೆಮ್ಮನ ಕೌದಿ ಕೊಡ್ತೀನಿ, ಹಾಕಿ" ಎಂದಳು. ಹಾಕ್ತೀರಾ ಎನ್ನಲಿಲ್ಲ.

ಮರುದಿನ ಬಸ್ಸಿನಲ್ಲಿ ನರಸೀಪುರದವರೆಗೂ ಅವನು ಗಂಗಾಧರಸ್ವಾಮಿ ಆಡಬಹುದಾದ ಮಾತುಗಳನ್ನು ಅವರ ದನಿಯಲ್ಲೇ ಆಡಿ ನೋಡಿದ. ಮಗಳು ಬರ್ತಾಳೆ, ಮನೆ ಬೇಕಾಗಿತ್ತು. ಅಥವಾ ನೇರವಾಗಿ, ಯಾಕ್ರೀ ಸುಳ್ಳು ಹೇಳಿದ್ರಿ. ಪ್ರತಿಯೊಂದಕ್ಕೂ ಉತ್ತರ ಜೋಡಿಸಿಕೊಂಡ. ನಾನೇನು ಸುಳ್ಳು ಹೇಳಲಿಲ್ಲ ಸಾರ್, ನೀವು ಕೇಳಿದ ರೀತಿಯಲ್ಲಿ. ಬಸ್ಸು ಗದ್ದೆಬಯಲು ದಾಟುವಾಗ ಪಕ್ಕದ ಸೀಟಿನ ಹುಡುಗನೊಬ್ಬ ಗೀರುಗೀರಿನ ಅಂಗಿ ತೊಟ್ಟಿದ್ದ. ಆರನೇ ಕ್ಲಾಸಿನಲ್ಲಿ ಶಿವರಾಜುವೂ ಅಂಥದೇ ಅಂಗಿ ತೊಟ್ಟು ಹೋಗಿದ್ದ. ಒಗೆಯಲು ಬಂದ ಬಟ್ಟೆ ವಾಪಸು ಹೋಗುವ ಮುಂಚೆ ಒಂದು ದಿನ ಮೈಮೇಲೆ ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು ಅಮ್ಮನೇ ತೊಡಿಸಿದ್ದಳು. ಮಗ್ಗಿ ಒಪ್ಪಿಸಲು ಎದ್ದು ನಿಂತಾಗ ಹಿಂದಿನ ಬೆಂಚಿನಿಂದ ದನಿ ಬಂತು. "ಸಾ, ಅವ್ನು ನನ್ನಂಗಿ ಆಕ್ಕಂಡವ್ನೆ ಸಾ." ಮೇಷ್ಟ್ರು ಕಾಲರು ಮಗುಚಿ ಗುರುತು ನೋಡಿದರು. ಹೊಡೆಯಲಿಲ್ಲ, ಬೈಯಲಿಲ್ಲ. "ಬಿಚ್ಚಿ ಕೊಡೋ" ಎಂದರು, ಅಷ್ಟೆ, ಪುಸ್ತಕ ಕೊಡೋ ಎಂದಷ್ಟು ಸಲೀಸಾಗಿ. ಸಾಯಂಕಾಲದವರೆಗೂ ಬರಿಮೈಯಲ್ಲಿ ಕುಳಿತು ಅವನು ಪಾಠ ಕೇಳಿದ. ಸಂಜೆ ಮನೆಗೆ ಹೋದಾಗ ಅಮ್ಮ ಕೇಳಿದ್ದು, "ಅಂಗಿ ಮಣ್ಣಾಗಿತ್ತಾ? ಆಗಿದ್ರೆ ಅವ್ರು ಮತ್ತೆ ಒಗ್ಯಕ್ಕಾಕ್ತಾರೆ."

ಗಂಗಾಧರಸ್ವಾಮಿ ಏನೂ ಹೇಳಲಿಲ್ಲ. ಒಂದು ವಾರ ಕಳೆಯಿತು, ಎರಡು ಕಳೆಯಿತು. ಬೆಳಿಗ್ಗೆ ಮಂಡಿಗೆ ಹೊರಡುವಾಗ ಎಂದಿನಂತೆ, "ಏನ್ ಶಿವರಾಜು, ಬಸ್ಸಿಗೆ ಹೊತ್ತಾಯ್ತಾ?" ಎಂದು ಕೇಳುತ್ತಿದ್ದರು. ಬದಲಾದದ್ದು ಕಣ್ಣಿಗೆ ಹೊಡೆಯುವಂಥದಲ್ಲ. ಮೊದಲು ಸರ್ವಮಂಗಳಾ ಬಟ್ಟೆಯನ್ನು ಬಕೆಟ್ಟಿನಲ್ಲಿ ತಂದು ಒಳಗೆ ಕೊಡುತ್ತಿದ್ದಳಂತೆ. ಈಗ ಗಂಟು ಕಟ್ಟಿ ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದಳು. ಹಬ್ಬದ ದಿನ ನಯನಳಿಗೆ ಬಾಳೆಲೆಯ ಮೇಲೆ ಮುಚ್ಚಿಕೊಂಡು ಬರುತ್ತಿದ್ದ ಹೋಳಿಗೆ ಈ ಸಲ ಮರುದಿನ ಬಂತು, ಅಮ್ಮನ ಕೈಗೆ, ಅನ್ನ ಸಾರಿನ ಜೊತೆಗೆ. ತಿಂಗಳ ಕೊನೆಗೆ ಮೊರದ ತುಂಬ ಅಕ್ಕಿ ಬಂತು. ಅಮ್ಮ ಸೆರಗೊಡ್ಡಿ ಇಸಿದುಕೊಳ್ಳುವುದನ್ನು ಶಿವರಾಜು ಕಿಟಕಿಯಿಂದ ನೋಡಿದ. ಸೆರಗೊಡ್ಡುವಾಗ ಅವಳ ಸೊಂಟ ತಾನಾಗಿ ಬಾಗಿತ್ತು. ಆ ಬಾಗು ಅವಳಿಗೆ ನೋವಲ್ಲ, ನೆಮ್ಮದಿ ಎಂಬುದು ಅವನಿಗೆ ಸಹಿಸಲಾಗದ್ದು. ಇವರೆಲ್ಲ ತನ್ನನ್ನು ಬಯ್ದಿದ್ದರೆ, ಮನೆ ಬಿಡಿಸಿದ್ದರೆ, ಗಂಟುಮೂಟೆ ಹೊತ್ತು ಹೋಗಿ ದ್ವೇಷಿಸಬಹುದಿತ್ತು. ಯಾರೂ ಏನೂ ಅನ್ನದೆ, ಸುಮ್ಮನೆ, ಅವನ ಜಾಗವನ್ನು ತೋರಿಸಿ ಕೂರಿಸುತ್ತಿದ್ದರು.

"ನೀವು ತಂದ ಮಿಷನ್ನೇ ನಿಮ್ಗೆ ಬಟ್ಟೆ ಹಾಕೋ ಒಕ್ಕಲು ಹುಡುಕ್ಕೊಂಡು ಬಂತು" ಎಂದಳು ನಯನ. ಅವಳ ಮಾತಿನಲ್ಲಿ ಯಾವಾಗಲೂ ಒಂದು ಕುಟುಕು. "ನಮ್ಮಪ್ಪ ಮೈಸೂರಲ್ಲಿ ಇಸ್ತ್ರಿ ಅಂಗಡಿ ಬೋರ್ಡು ಹಾಕ್ಕೊಂಡೇ ನನ್ನ ಪಿಯುಸಿವರ್ಗೂ ಓದಿಸಿದ್ದು. ಬೋರ್ಡಲ್ಲಿ ಹೆಸರೂ ಬರೆಸಿದ್ರು, ಜಾತೀನೂ ಬರೆಸಿದ್ರು. ಯಾರೂ ಕಲ್ಲು ಹೊಡೀಲಿಲ್ಲ."

"ಅದು ಮೈಸೂರು."

"ಹೂಂ. ಅಲ್ಲಿನೋರಿಗೆ ಮುಖದ ಮ್ಯಾಲೆ ಕಣ್ಣಿಲ್ಲ."

ಅವನು ಅಮ್ಮನಿಗೆ ಮತ್ತೆ ಹೇಳಿದ, ಈ ಸಲ ದನಿಯೇರಿಸಿ. ಅಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. "ಅಲ್ಲ ಮಗಾ, ನಿನ್ನೆಂಡ್ತಿ ಅಡ್ಗೆ ಮಾಡ್ತಾಳೆ, ಮಿಸನ್ನು ಬಟ್ಟೆ ಒಗೀತದೆ. ನನ್ ಕೈಗೆ ನೀ ಏನ್ ಕೊಟ್ಟಿದ್ದೀಯೆ? ಇದ್ದ ಎಸ್ರೂ ನೀನೇ ಇಸ್ಕಂಡೆ. ಆಯಮ್ಮ ಚನ್ನಬಸಮ್ಮ ಒಬ್ಳೇ ನೋಡು ನನ್ ಕೈ ಇಡ್ಕಂಡು ಮಾತಾಡಾದು. ಒಗ್ದ ಸೀರೆ ಉಡ್ಸುದ್ರೆ, ಅಗುರ್ವಾಗಿದೆ ಕಣವ್ವ ಅಂತಾಳೆ. ಇಲ್ಲ ಅಂತ ಎಂಗಂದೇನ್ಲಾ?"

ಅವನಿಗೆ ಬೇರೆ ದಾರಿ ಹೊಳೆದದ್ದು ಆ ಭಾನುವಾರ. ಜಾಲಿ ಚೀಲ ತೊಳೆದ, ತೊಟ್ಟಿ ಒರೆಸಿದ, ಮುಚ್ಚಳದ ರಬ್ಬರಿನ ಸಂದಿಗೆ ಕಡ್ಡಿ ಹಾಕಿ ಸೋಪಿನ ಗಸಿ ತೆಗೆದ. ಎಲ್ಲ ಮುಗಿದ ಮೇಲೆ ಮಿಷನ್ನನ್ನು ಗೋಡೆಯಿಂದ ಜರುಗಿಸಿ, ಹಿಂದಿನ ತಗಡಿನ ಸ್ಕ್ರೂಗಳನ್ನು ಬಿಚ್ಚಿ, ಮೋಟರಿನಿಂದ ಚಕ್ರಕ್ಕೆ ಹೋಗುವ ಬೆಲ್ಟನ್ನು ಕೈಯಿಂದ ಸರಿಸಿ ತೆಗೆದ. ಅದು ಮೆತ್ತಗೆ, ಸತ್ತ ಹಾವಿನ ಹಾಗೆ ಬೆರಳಿಗೆ ಸುತ್ತಿಕೊಂಡಿತು. ತಗಡು ಮುಚ್ಚಿ, ಸ್ಕ್ರೂಗಳನ್ನು ಒಂದೂ ಬಿಡದಂತೆ ಬಿಗಿ ಮಾಡಿ, ಬೆಲ್ಟನ್ನು ಆಫೀಸಿನ ಬ್ಯಾಗಿನಲ್ಲಿ ಟಿಫಿನ್ನಿನ ಡಬ್ಬಿಯ ಕೆಳಗಿಟ್ಟ. ಸೋಮವಾರ ಸಂಜೆ ಅಮ್ಮ, "ಮಿಸನ್ನು ಗುರ್ ಅಂತದೆ, ತಿರುಗಕ್ಕಿಲ್ಲ" ಎಂದಾಗ, ಮುಂದೆ ಕುಳಿತು ಗುಂಡಿಗಳನ್ನು ತಿರುಗಿಸಿ ನೋಡಿ, "ಕೆಟ್ಟೋಗಿದೆ. ಮೈಸೂರಿಂದ ಜನ ಬರ್ಬೇಕು, ತಿಂಗಳಾಗುತ್ತೆ" ಎಂದ. ನಯನ ಅವನ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಮಿಷನ್ನಿನ ಮುಚ್ಚಳವನ್ನು ಸವರಿ, ಜ್ವರ ಬಂದ ಮಗುವಿಗೆ ಹೇಳುವಂತೆ, "ಪಾಪ, ಸುಸ್ತಾಯ್ತೇನೋ" ಎಂದಳು.

ಮಂಗಳವಾರ ಅವನಿಗೆ ತಲೆನೋವು, ರಜೆ ಹಾಕಿ ಮಲಗಿದ್ದ. ಒಂಬತ್ತು ಗಂಟೆಯ ಹೊತ್ತಿಗೆ ಹಿತ್ತಿಲಿನಿಂದ ಸದ್ದು ಬಂತು. ಮೊದಲು ಕಲ್ಲಿನ ಮೇಲೆ ಒದ್ದೆ ಬಟ್ಟೆ ಬಿದ್ದ ಸದ್ದು, ಅದರ ಬೆನ್ನಿಗೆ ಎದೆಯಾಳದಿಂದ ಹೊರಬಿದ್ದ ಉಸಿರು. ಶ್ಶೋ. ಮತ್ತೆ ಕಲ್ಲು, ಮತ್ತೆ ಶ್ಶೋ. ಹೊಳೆಯ ದಂಡೆಯಲ್ಲಿ ಅಪ್ಪನದು ಒಂದು ದನಿ, ಅಮ್ಮನದು ಒಂದು ದನಿ, ಚಿಕ್ಕಪ್ಪಂದಿರದು ಇನ್ನೊಂದು. ಆ ಉಸಿರನ್ನು ಬೇರೆ ಯಾರೂ ಹಾಗೆ ಬಿಡಲಾರರು. ಅವನು ಎದ್ದು ಹೋಗಿ ಬಾಗಿಲ ಸಂದಿನಿಂದ ನೋಡಿದ. ಅಮ್ಮ ಸೀರೆಯನ್ನು ಮೊಣಕಾಲ ಮೇಲೆ ಕಚ್ಚೆ ಕಟ್ಟಿ, ಚನ್ನಬಸಮ್ಮನ ಕೌದಿಯನ್ನು ತಲೆಯ ಮೇಲಿಂದ ಬೀಸಿ ಕಲ್ಲಿಗೆ ಒಗೆಯುತ್ತಿದ್ದಳು. ಮಿಷನ್ನಿನ ಗುರ್ ಸದ್ದಿನೊಳಗೆ, ಬಚ್ಚಲ ನಾಲ್ಕು ಗೋಡೆಯೊಳಗೆ ಅಡಗಿದ್ದದ್ದು ಈಗ ಇಡೀ ಬೀದಿಯ ಹಿತ್ತಿಲುಗಳಿಗೆ ಕೇಳುತ್ತಿತ್ತು. ಆಚೆ ಮನೆಯ ಮಹಡಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಹೆಂಗಸು ಕೆಲಸ ಬಿಟ್ಟು ನಿಂತು ನೋಡುತ್ತಿದ್ದಳು. "ಏನ್ ಚೆಂದ ಒಗೀತೀರಾ ಅಜ್ಜಿ, ನಮ್ದೂ ಎರಡು ಬೆಡ್‌ಶೀಟ್ ಇವೆ" ಎಂದು ಅವಳು ಕೂಗಿದಳು. ಅಮ್ಮ ಉಸಿರು ಹಿಡಿದು, "ತಂದಾಕು ಬಾ ತಾಯಿ" ಎಂದಳು. ಬೆಲ್ಟು ಹಾಕಿಬಿಡಬೇಕೆಂದು ಅವನು ಬ್ಯಾಗಿನವರೆಗೂ ಹೋದ. ಹಾಕಿದರೆ ತೆಗೆದವನು ಯಾರೆಂದು ತಿಳಿಯುತ್ತದೆ. ಡಬ್ಬಿಯ ಕೆಳಗಿನ ಬೆಲ್ಟನ್ನು ಮುಟ್ಟಿ, ಬ್ಯಾಗಿನ ಬಾಯಿ ಮುಚ್ಚಿದ. ಅರವತ್ತು ದಾಟಿದ ಹೆಂಗಸು. ಅವಳ ಮೊಣಕೈಯ ಚರ್ಮ ಜೋತಾಡುವುದು ಬಾಗಿಲ ಸಂದಿನಿಂದಲೂ ಕಂಡಿತ್ತು. ಅವನು ಹೋಗಿ ಮಲಗಿದ. ದಿಂಬನ್ನು ಕಿವಿಗೆ ಒತ್ತಿದರೂ ಉಸಿರು ಕೇಳಿಸುತ್ತಿತ್ತು.

ಹೀಗೆ ಇಪ್ಪತ್ತು ದಿನ ನಡೆಯಿತು. ಅಮ್ಮನ ಅಂಗೈಯಲ್ಲಿ ಒಡಕು ಮೂಡಿತು. ಅವಳು ಅದಕ್ಕೆ ಹರಳೆಣ್ಣೆ ಹಚ್ಚಿಕೊಂಡಳು. ಮೈಸೂರಿನವರು ಯಾಕೆ ಬರಲಿಲ್ಲವೆಂದು ಅವಳು ಕೇಳಲಿಲ್ಲ. ನಯನ ಒಂದು ದಿನ ಅವನ ಬ್ಯಾಗಿಗೆ ಟಿಫಿನ್ ಇಡುವಾಗ ಬೆಲ್ಟನ್ನು ನೋಡಿದಳು. ಡಬ್ಬಿಯನ್ನು ಅದರ ಮೇಲಿಟ್ಟು ಬ್ಯಾಗನ್ನು ಅವನ ಕೈಗೆ ಕೊಟ್ಟಳು. ಅಂದಿನಿಂದ ಅವಳು ಅವನನ್ನು ಕುಟುಕುವುದನ್ನೂ ನಿಲ್ಲಿಸಿದಳು.

ಚನ್ನಬಸಮ್ಮ ಒಂದು ಗುರುವಾರ ಬೆಳಗಿನ ಜಾವ ತೀರಿಕೊಂಡರು. ಏಳು ಗಂಟೆಗೆ ಗಂಗಾಧರಸ್ವಾಮಿ ತಾವೇ ಬಾಗಿಲಿಗೆ ಬಂದರು. ಹೆಗಲ ಮೇಲೆ ಒದ್ದೆ ಟವಲು, ಕಣ್ಣು ಕೆಂಪಾಗಿತ್ತು. ಶಿವರಾಜು ಕೈಮುಗಿದ.

"ಅವ್ವ ಹೋಗ್ಬುಟ್ರು ಶಿವರಾಜು. ಮಣ್ಣು ಮಧ್ಯಾಹ್ನಕ್ಕೆ ಇಟ್ಕಂಡಿದೀವಿ." ಅವರು ಟವಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ನಡೆಮಡಿ ಹಾಸೋ ನಾಗಯ್ಯ ಊರಲ್ಲಿಲ್ಲ, ಮಗಳ ಮನೆಗೆ ಹೋಗವ್ನೆ. ನಮ್ಮಲ್ಲಿ ಅದಿಲ್ದೆ ವಿಮಾನ ಎತ್ತಂಗಿಲ್ಲ. ನಿಮ್ಗೆ ಗೊತ್ತಲ್ಲ."

ಗೊತ್ತಿತ್ತು. ಹೆಣ ಕೂರಿಸಿದ ವಿಮಾನ ಹೊತ್ತವರ ಕಾಲು ಬರಿ ನೆಲಕ್ಕೆ ತಾಗದಂತೆ ಅಗಸರವರು ಮುಂದೆ ಮುಂದೆ ಮಡಿಬಟ್ಟೆ ಹಾಸುತ್ತ ಹೋಗಬೇಕು, ದಾಟಿದ ಬಟ್ಟೆಯನ್ನು ಹಿಂದಿನಿಂದ ಎತ್ತಿ ಮತ್ತೆ ಮುಂದಕ್ಕೆ ತರಬೇಕು. ಶಿವರಾಜು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಸಾರ್, ನಾವು... ಅಂದ್ರೆ ನಮ್ಮಲ್ಲಿ..."

"ಅಯ್ಯೋ ಬಿಡಿ" ಎಂದರು ಗಂಗಾಧರಸ್ವಾಮಿ, ಅತ್ಯಂತ ಮೆದುವಾಗಿ. "ನೀವು ಬಂದ ತಿಂಗಳೇ ನಂಗ್ ಗೊತ್ತಾಯ್ತು. ನರಸೀಪುರದಲ್ಲಿ ನಮ್ ಬೀಗರವ್ರೆ, ಕೇಳಿದ್ರೆ ಹೇಳಲ್ವಾ? ಸುದ್ದವಾಗಿ ಇರ್ತಾರೆ, ಗಲಾಟೆ ಇಲ್ಲ, ಹೇಳ್ಕಳಕ್ಕೆ ನಾಚ್ಕತಾರೆ ಅಂತ ನಾವೂ ಸುಮ್ನಿದ್ವಿ. ಅವ್ವನೂ ಅಂತಿದ್ರು, ಪಾಪ, ಹೆಂಗೋ ಇರ್ಲಿ ಬಿಡಪ್ಪ ಅಂತ."

ನಾಲ್ಕು ವರ್ಷ. ನಾಲ್ಕು ವರ್ಷದಿಂದ ಇಡೀ ಮನೆ ಅವನ ನಾಟಕವನ್ನು ನೋಡಿ ಅಯ್ಯೋ ಪಾಪ ಎಂದುಕೊಂಡು ಕೂತಿತ್ತು. ಅಮ್ಮನ ಹೆಸರು, ಉಪ್ಪುಮೀನಿನ ಪೊಟ್ಟಣ, ಮೆಲ್ಲಗಾಡಿದ ಮಾತುಗಳು, ಯಾವುದೂ ಯಾರಿಂದಲೂ ಏನನ್ನೂ ಮುಚ್ಚಿರಲಿಲ್ಲ. ನಾಚಿಕೆಗಿಂತ ಮೊದಲು ಅವನಿಗೆ ಅನ್ನಿಸಿದ್ದು ಒಂದು ಬಗೆಯ ಹಗುರ. ಮನೆ ಹೋಗುವುದಿಲ್ಲ. ಆ ಹಗುರಕ್ಕಾಗಿಯೇ ಅವನು ತನ್ನನ್ನು ಮುಂದೆಂದೂ ಕ್ಷಮಿಸಿಕೊಳ್ಳಲಾರ.

"ನೀವು ಹಾಸ್ಬೇಡಿ" ಎಂದರು ಅವರು. "ಆಫೀಸಲ್ಲಿರೋರು, ಚೆನ್ನಾಗಿರಲ್ಲ. ನೀವು ನಮ್ ಜೊತೆ ಬನ್ನಿ. ಅಮ್ಮನ್ನ ಹಿತ್ತಲಲ್ಲಿ ಕೇಳ್ದೆ, ಹೂಂ ಅಂದವ್ರೆ."

ಅಮ್ಮ ಬರುವುದಿಲ್ಲ ಸಾರ್ ಎನ್ನಬಹುದಿತ್ತು. ಅವಳಿಗೆ ವಯಸ್ಸಾಗಿದೆ, ನಾನೇ ಹಾಸುತ್ತೇನೆ ಎನ್ನಬಹುದಿತ್ತು. ಎರಡು ಮಾತೂ ಅವನ ಬಾಯಲ್ಲಿದ್ದವು.

"ಆಯ್ತು ಸಾರ್" ಎಂದ.

ಅಮ್ಮ ಸ್ನಾನ ಮಾಡಿ ತಲೆಗೆ ಸೆರಗು ಕಟ್ಟಿಕೊಂಡು, ತಾನು ಒಗೆದಿಟ್ಟಿದ್ದ ಬಿಳಿ ಪಂಚೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. "ಕೊನೇಗಾಲ್ದಲ್ಲಿ ಆ ತಾಯಿ ನನ್ ಕೈ ಮಡೀನೇ ಉಟ್ಕಂಡು ಓದ್ಲು" ಎಂದಳು. ನಯನ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಒರಗಿದ್ದಳು. ಬಸುರಿ ಹೆಣದ ಹಿಂದೆ ಹೋಗುವಂತಿಲ್ಲ. "ಒಬ್ರೇ ಹೆಂಗ್ ಹಾಸ್ತಾರೆ?" ಎಂದಳು, ಯಾರನ್ನೂ ನೋಡದೆ. "ಬಟ್ಟೆಗೆ ಎರಡು ತುದಿ ಇರ್ತವೆ." ಶಿವರಾಜು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ. "ನೀ ಬರ್ಬ್ಯಾಡ ಮಗಾ, ಆಪೀಸ್ಗೋಗು" ಎಂದಳು ಅಮ್ಮ. ಅವನಿಗೆ ಹೋಗದಿರಲು ಧೈರ್ಯವಿರಲಿಲ್ಲ. ಹೋಗದಿದ್ದರೆ ಜನ ಗಮನಿಸುತ್ತಾರೆ.

ಬಿಸಿಲಿತ್ತು. ಬೀದಿಯ ಎರಡೂ ಬದಿಯ ಜಗಲಿಗಳ ಮೇಲೆ ಜನ. ಹೂವಿನ ವಿಮಾನದಲ್ಲಿ ಚನ್ನಬಸಮ್ಮ ನೆಟ್ಟಗೆ ಕುಳಿತಿದ್ದರು, ಶುಭ್ರವಾದ ಸೀರೆಯಲ್ಲಿ. ಅಮ್ಮ ಒಂದು ಪಂಚೆಯನ್ನು ಹಾಸಿ, ಅದರ ಮುಂದಕ್ಕೆ ಇನ್ನೊಂದನ್ನು ಹಾಸಿ, ವಿಮಾನ ದಾಟಿದೊಡನೆ ಹಿಂದಕ್ಕೆ ಬಂದು ಮೊದಲಿನದನ್ನು ಎಳೆದುಕೊಂಡು, ಜನರ ಪಕ್ಕದಿಂದ ಬಾಗಿಕೊಂಡೇ ಓಡಿ ಮತ್ತೆ ಮುಂದೆ ಹಾಸುತ್ತಿದ್ದಳು. ಇನ್ನೊಂದು ತುದಿಯನ್ನು ಹಿಡಿಯುವವರಿಲ್ಲದೆ ಅದು ಸೊಟ್ಟಗೆ ಬೀಳುತ್ತಿತ್ತು, ಅವಳು ಮೊಣಕಾಲೂರಿ ಸರಿಮಾಡುತ್ತಿದ್ದಳು. ಮೊದಲ ಸಲ ಅವಳು ಪಕ್ಕದಿಂದ ಓಡಿದಾಗ ಶಿವರಾಜು ಭಜನೆಯವರ ತಾಳವನ್ನು ನೋಡುತ್ತಿದ್ದ. ಎರಡನೇ ಸಲ ಆಕಾಶ ನೋಡಿದ. ಏದುಸಿರು ಮಾತ್ರ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಬೀದಿಯ ತಿರುವಿನಲ್ಲಿ ಹೊತ್ತವರು ಹೆಗಲು ಬದಲಿಸಿದರು. ಗಂಗಾಧರಸ್ವಾಮಿ ತಿರುಗಿ, ಎಲ್ಲರೂ ಕೇಳುವಂತೆ, "ಬನ್ನಿ ಶಿವರಾಜು, ನೀವೂ ಒಂದ್ಗಳಿಗೆ ಹೆಗಲು ಕೊಡಿ" ಎಂದರು. ಅದು ಮನೆಯವರಿಗೆ ಮಾತ್ರ ಸಿಗುವ ಕೆಲಸ. ನಾಲ್ಕು ವರ್ಷ ಅವನು ಬಯಸಿದ್ದೆಲ್ಲ ಆ ಒಂದು ಕರೆಯಲ್ಲಿತ್ತು. ಅವನು ಚಪ್ಪಲಿ ಬಿಟ್ಟು ಬಂದಿದ್ದ. ಹೋಗಿ ಬಿದಿರಿನ ಕೆಳಗೆ ಹೆಗಲು ಕೊಟ್ಟ. ಕಾದ ಬೀದಿಯ ಮೇಲಿಂದ ಮಡಿಯ ಮೇಲೆ ಕಾಲಿಟ್ಟಾಗ ಅಂಗಾಲಿಗೆ ತಂಪಾಯಿತು.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಂದೆ ಒಂದು ಲಾರಿ ಅಡ್ಡ ಬಂದು ವಿಮಾನ ನಿಂತಿತು. ಹಿಂದಿನ ಸಾಲಿನಲ್ಲಿದ್ದ ಶಿವರಾಜುವಿನ ಬಲಗಾಲು ದಾಟಿದ ಪಂಚೆಯ ಕೊನೆಯಂಚಿನ ಮೇಲಿತ್ತು. ಅಮ್ಮ ಹಿಂದಿನಿಂದ ಬಂದು ಬಗ್ಗಿ ಪಂಚೆಯನ್ನು ಎಳೆದಳು. ಅದು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ತಲೆಯೆತ್ತಿ, ಆ ಕಾಲಿನಿಂದ ಮುಖದವರೆಗೂ ನೋಡಿದಳು. ಬೆವರಿನಿಂದ ಅವಳ ಕುಂಕುಮವಿಲ್ಲದ ಹಣೆ ಹೊಳೆಯುತ್ತಿತ್ತು. ಸುತ್ತ ಇದ್ದವರೆಲ್ಲ ಅವರಿಬ್ಬರನ್ನೇ ನೋಡುತ್ತಿದ್ದರು.

"ವಸಿ ಕಾಲೆತ್ತಿ ಬುದ್ಧಿ" ಎಂದಳು ಅಮ್ಮ, ಊರಿನಲ್ಲಿ ದೊಡ್ಡ ಮನೆಗಳ ಬಾಗಿಲಲ್ಲಿ ನಿಂತು ಕರೆಯುವ ಅದೇ ದನಿಯಲ್ಲಿ.

ಅವನು ಕಾಲೆತ್ತಿದ.